ನೆಟ್‌ವರ್ಕ್ ರ‍್ಯಾಕ್ ಕೂರಿಸುವ ಮುಂಚೆ: ಜಾಗ, ಅರ್ಥಿಂಗ್, ಸ್ಟ್ಯಾಟಿಕ್ ರಕ್ಷಣೆಯಲ್ಲಿ ಯಾವುದನ್ನು ಆರಿಸಬೇಕು?

ಫೆಬ್ರವರಿ ಕೊನೆಯ ವಾರ. ವಿಜಯಪುರದ ಕಡೆಯ ಒಂದು ಶಾಲೆಯ ಕಂಪ್ಯೂಟರ್ ಲ್ಯಾಬ್. ಹೊರಗೆ ಒಣ ಬಿಸಿಲು, ಒಳಗೆ ಎಸಿ, ನೆಲಕ್ಕೆ ಹೊಸ ಸಿಂಥೆಟಿಕ್ ಕಾರ್ಪೆಟ್. ಅಲ್ಲಿನ ಸಣ್ಣ ಸರ್ವರ್‌ಗೆ ನಾನು ಇನ್ನೊಂದು ರ‍್ಯಾಮ್ ಹಾಕಬೇಕಿತ್ತು. ಮೈಮೇಲಿನ ಸ್ಟ್ಯಾಟಿಕ್ ಚಾರ್ಜನ್ನು ವೈರ್ ಮೂಲಕ ಇಳಿಸುವ ರಿಸ್ಟ್ ಸ್ಟ್ರ್ಯಾಪ್ ಎಂಬ ಪಟ್ಟಿಯನ್ನು ಕೈಗೆ ಕಟ್ಟಿಕೊಂಡಿದ್ದೆ. ಅದರ ಕ್ಲಿಪ್ಪನ್ನು, ಸಾಧನಗಳನ್ನು ಬಿಗಿದಿಡುವ ಲೋಹದ ಚೌಕಟ್ಟಾದ ರ‍್ಯಾಕಿನ ಕಂಬಕ್ಕೆ ಸಿಕ್ಕಿಸಿದ್ದೆ. ಕೆಲಸ ಮುಗಿಯಿತು, ಸರ್ವರ್ ಆನ್ ಆಯಿತು, ಎಲ್ಲರೂ ಚಹಾ ಕುಡಿದೆವು. ಮೂರು ವಾರ ಕಳೆದ ಮೇಲೆ ಅದು ಆಗಾಗ ಹ್ಯಾಂಗ್ ಆಗತೊಡಗಿತು. ಆ ರ‍್ಯಾಮ್ ಬದಲಿಸಿದ ನಂತರವೇ ಸರಿಹೋಯಿತು.

ಎರಡನೇ ಸಲ ಹೋದಾಗ ನಿಧಾನವಾಗಿ ನೋಡಿದೆ. ನಾನು ಕ್ಲಿಪ್ ಸಿಕ್ಕಿಸಿದ್ದ ಕಂಬಕ್ಕೆ ದಪ್ಪ ಪೌಡರ್ ಕೋಟಿಂಗ್ ಇತ್ತು. ಆ ಬಣ್ಣದೊಳಗಿಂದ ಕರೆಂಟ್ ಹರಿಯುವುದಿಲ್ಲ. ರ‍್ಯಾಕಿನ ಅರ್ಥ್ ವೈರ್ ಗೋಡೆಯ ಸಾಕೆಟ್‌ವರೆಗೂ ಬಂದಿತ್ತು. ಸಾಕೆಟ್ ಬಿಚ್ಚಿದರೆ ಅರ್ಥ್ ಪಿನ್ನಿಗೆ ವೈರೇ ಇಲ್ಲ. ಎಲ್ಲವೂ ಸೇರಿದೆ ಎಂದು ನಾನು ನಂಬಿದ್ದೆ. ಯಾವುದೂ ಯಾವುದಕ್ಕೂ ಸೇರಿರಲಿಲ್ಲ.

ಅಂದಿನಿಂದ ಯಾವ ಸಾಮಾನು ಆರಿಸುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಉಳಿದದ್ದಕ್ಕೆ ಪೂರ್ತಿ ಸೇರಿದೆಯಾ, ಇಲ್ಲ ಪೂರ್ತಿ ಬೇರೆಯಾಗಿದೆಯಾ? ಎರಡೂ ಸರಿಯೇ. ಅರ್ಧಂಬರ್ಧ ಸೇರಿದ್ದೇ ಸಾಧನವನ್ನು ಕೊಲ್ಲುವುದು. ಶಾಲೆ, ಕ್ಲಿನಿಕ್, ಸಹಕಾರಿ ಸಂಘ, ಸಣ್ಣ ಆಫೀಸುಗಳಲ್ಲಿ ರ‍್ಯಾಕ್ ಇಡಿಸಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಜಾಗ: ಮೆಟ್ಟಿಲ ಕೆಳಗೋ, ಬೀರುವಿನೊಳಗೋ, ಬೇರೆ ಕೋಣೆಯೋ?

ಹೆಚ್ಚಿನವರು ತೋರಿಸುವ ಮೊದಲ ಜಾಗ ಮೆಟ್ಟಿಲ ಕೆಳಗೆ. ಜಾಗ ಖಾಲಿ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆದರೆ ಪೊರಕೆ, ನೆಲ ಒರೆಸುವ ಬಕೆಟ್ಟು ಕೂಡ ಅಲ್ಲೇ ಇರುತ್ತವೆ. ಮೇಲೆ ಓಡಾಡಿದಷ್ಟೂ ಧೂಳು ಕೆಳಗೆ ಉದುರುತ್ತದೆ. ಗಾಳಿಯಂತೂ ಆಡುವುದೇ ಇಲ್ಲ. ಎರಡನೆಯದು ಮರದ ಬೀರು. ನೋಡಲು ಚೆಂದ, ಆದರೆ ಬಾಗಿಲು ಹಾಕಿದರೆ ಅದು ಒಲೆ. ಸ್ವಿಚ್ (ಕಂಪ್ಯೂಟರ್‌ಗಳ ನೆಟ್‌ವರ್ಕ್ ಕೇಬಲ್‌ಗಳನ್ನು ಒಂದಕ್ಕೊಂದು ಸೇರಿಸುವ ಪೆಟ್ಟಿಗೆ), ರೂಟರ್, ಕ್ಯಾಮೆರಾದ ರೆಕಾರ್ಡರ್, ಯುಪಿಎಸ್ ಎಲ್ಲ ಸೇರಿ 200 ವ್ಯಾಟ್ ಶಾಖ ಬಿಡುತ್ತವೆ ಎಂದುಕೊಳ್ಳಿ. ಹಳೆಯ ಕಾಲದ 100 ವ್ಯಾಟಿನ ಎರಡು ಬಲ್ಬುಗಳನ್ನು ಹಗಲೂ ರಾತ್ರಿ ಬೀರುವಿನೊಳಗೆ ಉರಿಸಿದ ಹಾಗೆ.

ಡೇಟಾ ಸೆಂಟರ್‌ಗಳಿಗೆ ಹವಾನಿಯಂತ್ರಣ ಎಂಜಿನಿಯರುಗಳ ಆಶ್ರೇ ಸಂಸ್ಥೆ ಸೂಚಿಸುವ ತಾಪಮಾನ 18ರಿಂದ 27 ಡಿಗ್ರಿ. ಅಷ್ಟು ನಮ್ಮ ಸಣ್ಣ ರ‍್ಯಾಕಿಗೆ ಬೇಕಿಲ್ಲ. ಸಣ್ಣ ಸ್ವಿಚ್‌ಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 40 ಅಥವಾ 45 ಡಿಗ್ರಿವರೆಗೆ ಎಂದಿರುತ್ತದೆ. ಆದರೆ ಅದು ಸಾಧನದ ಸುತ್ತಲಿನ ಗಾಳಿಯ ಲೆಕ್ಕ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಹೊರಗೇ 42 ಡಿಗ್ರಿ ಇರುವಾಗ ಮುಚ್ಚಿದ ಬೀರುವಿನೊಳಗೆ ಎಷ್ಟಿರಬಹುದು ಎಂದು ನೀವೇ ಊಹಿಸಿ.

ನನ್ನ ಆಯ್ಕೆ ಇದು: ಬೇರೆ ಕೋಣೆ ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ಜನ ಕೂರುವ ಆಫೀಸಿನಲ್ಲೇ ಎತ್ತರದಲ್ಲಿ, ಜಾಲರಿ ಬಾಗಿಲಿನ ರ‍್ಯಾಕ್. ಮೆಟ್ಟಿಲ ಕೆಳಗಿನ ಜಾಗ ಕೊನೆಗೆ. ಬೀರು ಬೇಡವೇ ಬೇಡ. ಯಾವ ಕೋಣೆಯಾದರೂ ಪಡುವಣ ಬಿಸಿಲು ಬೀಳುವ ಗೋಡೆ, ಟಾಯ್ಲೆಟ್‌ನ ಗೋಡೆ, ತಾರಸಿಯ ನೀರಿನ ಟ್ಯಾಂಕಿನ ಕೆಳಭಾಗ ಬಿಟ್ಟುಬಿಡಿ. ಮಲೆನಾಡು, ಕರಾವಳಿಯಲ್ಲಿ ಬಿಸಿಲಿಗಿಂತ ತೇವದ ಕಾಟ ಜಾಸ್ತಿ. ಅಲ್ಲಿ ಮುಚ್ಚಿದ ಕೋಣೆಗಿಂತ ದಿನಾ ಬಾಗಿಲು ತೆಗೆಯುವ ಕೋಣೆಯೇ ವಾಸಿ. ವೈರ್ ಬರುವ ತೂತುಗಳನ್ನು ಮುಚ್ಚಿಸಿ. ಹಲ್ಲಿ, ಇಲಿ ಒಳಗೆ ಬರುವುದು ಅಲ್ಲಿಂದಲೇ.

ಗೋಡೆ ರ‍್ಯಾಕೋ, ನೆಲದ ರ‍್ಯಾಕೋ ಎಂಬುದು ತೂಕದ ಪ್ರಶ್ನೆ. ರ‍್ಯಾಕಿನ ಎತ್ತರವನ್ನು ‘ಯು’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಯು ಅಂದರೆ 44.45 ಮಿಲಿಮೀಟರ್. ಎರಡು ಸ್ವಿಚ್, ಒಂದು ಪ್ಯಾಚ್ ಪ್ಯಾನೆಲ್ (ಕಟ್ಟಡದ ಕೇಬಲ್‌ಗಳು ಬಂದು ಸೇರುವ ಪಟ್ಟಿ), ಒಂದು ರೂಟರ್ ಇದ್ದರೆ 9 ಯು ಗೋಡೆ ರ‍್ಯಾಕ್ ಸಾಕು. ಇಟ್ಟಿಗೆ ಅಥವಾ ಕಲ್ಲಿನ ಗೋಡೆಗೆ ಆಂಕರ್ ಬೋಲ್ಟ್ ಹೊಡೆಸಿ. ಜಿಪ್ಸಮ್ ಪಾರ್ಟಿಷನ್‌ಗೆ ನೇತುಹಾಕಬೇಡಿ. ಯುಪಿಎಸ್ ಬ್ಯಾಟರಿಯನ್ನು ಗೋಡೆ ರ‍್ಯಾಕಿನಲ್ಲಿ ಇಡಲೇಬೇಡಿ, ಅದು ನೆಲದ ಮೇಲಿರಲಿ. ಸರ್ವರ್ ಬರುವುದಿದ್ದರೆ ನೆಲದ ರ‍್ಯಾಕೇ ಬೇಕು, ಹಿಂದೆ ಮುಂದೆ ಒಬ್ಬರು ನಿಂತು ಕೆಲಸ ಮಾಡುವಷ್ಟು, ಅಂದರೆ ಮೂರು ಅಡಿ ಜಾಗ ಬಿಟ್ಟು.

ಅರ್ಥಿಂಗ್: ದುಡ್ಡು ಮೊದಲು ಹೋಗಬೇಕಾದ ಜಾಗ

ಕಡಿಮೆ ಬಜೆಟ್ ಇದ್ದರೆ ಸ್ವಿಚ್ ಒಂದು ದರ್ಜೆ ಕೆಳಗಿನದನ್ನು ತೆಗೆದುಕೊಳ್ಳಿ, ಅರ್ಥಿಂಗ್ ಮಾತ್ರ ಬಿಡಬೇಡಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ, ಯಾಕೆಂದರೆ ಅರ್ಥ್ ವೈರನ್ನು ಭೂಮಿಗೆ ಸೇರಿಸುವ ಅರ್ಥ್ ಗುಂಡಿ ಕಣ್ಣಿಗೆ ಕಾಣುವುದಿಲ್ಲ. ಉದ್ಘಾಟನೆಯ ದಿನ ಅದನ್ನು ಯಾರಿಗೂ ತೋರಿಸಲು ಆಗುವುದಿಲ್ಲ.

ಮೊದಲು ಈಗಿರುವುದನ್ನು ನೋಡಿಸಿ. ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರ್ ಕೊಟ್ಟು ಸಾಕೆಟ್ ಅಳೆಸಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು, ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ಇದ್ದರೆ ಸರಿ. ಹತ್ತಿಪ್ಪತ್ತು ಬಂದರೆ ಎಲ್ಲೋ ಬಿಟ್ಟುಹೋಗಿದೆ. ಕಟ್ಟಡದಲ್ಲಿ ಲೋಡ್ ಇದ್ದೂ ಸರಿಯಾಗಿ ಸೊನ್ನೆ ತೋರಿಸಿದರೆ ಖುಷಿಪಡಬೇಡಿ. ಯಾರೋ ಸಾಕೆಟ್‌ನೊಳಗೆ ನ್ಯೂಟ್ರಲ್ಲಿಗೂ ಅರ್ಥಿಗೂ ತುಂಡು ವೈರ್ ಸೇರಿಸಿ ಕೆಲಸ ಮುಗಿಸಿರಬಹುದು. ಅದು ಅಪಾಯ. ನ್ಯೂಟ್ರಲ್ ಹಿಂದೆ ಎಲ್ಲಾದರೂ ಕಡಿದರೆ ರ‍್ಯಾಕಿನ ಮೈಗೇ ಕರೆಂಟ್ ಬರುತ್ತದೆ. ಮಲ್ಟಿಮೀಟರ್ ಇಷ್ಟನ್ನೇ ಹೇಳುತ್ತದೆ. ಗುಂಡಿ ಎಷ್ಟು ಒಳ್ಳೆಯದು ಎಂದು ತಿಳಿಯಲು ಅರ್ಥ್ ಟೆಸ್ಟರ್ ಬೇಕು. ಗುಂಡಿ ಕರೆಂಟಿಗೆ ಒಡ್ಡುವ ತಡೆಯನ್ನು ಅದು ಓಮ್ ಲೆಕ್ಕದಲ್ಲಿ ಹೇಳುತ್ತದೆ. ಸಾಮಾನ್ಯವಾಗಿ 5 ಓಮ್‌ಗಿಂತ ಕಡಿಮೆ ಕೇಳುತ್ತಾರೆ, ದೊಡ್ಡ ಸರ್ವರ್ ಕೋಣೆಗೆ 1 ಓಮ್. ಬಿಲ್ ಕೊಡುವ ಮುಂಚೆ ಈ ಅಳತೆಯನ್ನು ಬರೆಸಿಕೊಳ್ಳಿ.

ಹೊಸ ಗುಂಡಿ ತೋಡಿಸುವುದಾದರೆ ಎರಡು ಬಗೆ ಇವೆ. ಒಂದು, ಹಳೆಯ ಪದ್ಧತಿಯ ಪೈಪ್ ಅರ್ಥಿಂಗ್: ಸುಮಾರು 2.5 ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಸುತ್ತ ಇದ್ದಿಲು, ಉಪ್ಪು, ಮೇಲೆ ನೀರು ಹಾಕಲು ಆಲಿಕೆ. ಅರ್ಥಿಂಗ್‌ಗೆ ನಮ್ಮ ದೇಶದ ಮಾನಕ ಐಎಸ್ 3043ರಲ್ಲೂ ಈ ಪೈಪ್ ಪದ್ಧತಿ ಇದೆ. ಇನ್ನೊಂದು, ಕೆಮಿಕಲ್ ಅರ್ಥಿಂಗ್: ತಾಮ್ರದ ಲೇಪ ಇರುವ ರಾಡ್, ಸುತ್ತ ನೀರು ಹಿಡಿದಿಟ್ಟುಕೊಳ್ಳುವ ಬೆಂಟೊನೈಟ್‌ನಂಥ ಪುಡಿ.

ಮೊದಲನೆಯದು ಅಗ್ಗ, ಆದರೆ ಸಾಕಬೇಕು. ಬೇಸಿಗೆಯಲ್ಲಿ ನೀರು ಹಾಕುವವರು ಇರಬೇಕು. ಉಪ್ಪು ವರ್ಷಗಳಲ್ಲಿ ಪೈಪನ್ನೇ ತಿನ್ನುತ್ತದೆ. ಎರಡನೆಯದಕ್ಕೆ ಖರ್ಚು ಜಾಸ್ತಿ, ಆಮೇಲೆ ನೋಡಿಕೊಳ್ಳುವ ಕೆಲಸ ಕಡಿಮೆ. ಆಯ್ಕೆಯನ್ನು ಮಣ್ಣೇ ಹೇಳುತ್ತದೆ. ಎರೆಭೂಮಿಯಲ್ಲಿ ತೇವ ಇದ್ದಷ್ಟು ದಿನ ಸಾದಾ ಪೈಪೇ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬೇಸಿಗೆಯಲ್ಲಿ ಆ ಮಣ್ಣು ಬಿರಿದು ಪೈಪನ್ನು ಬಿಟ್ಟು ದೂರ ಸರಿಯುತ್ತದೆ, ಆಗ ನೀರು ಹಾಕಲೇಬೇಕು. ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ, ಕೋಲಾರ, ಚಿತ್ರದುರ್ಗದಂಥ ಬಂಡೆ ನೆಲದಲ್ಲಿ ಒಂದು ಪೈಪಿನಿಂದ ಓಮ್ ಇಳಿಯುವುದು ಕಷ್ಟ. ಅಲ್ಲಿ ಕೆಮಿಕಲ್ ಹಾಕಿಸಿ, ಇಲ್ಲವೇ ಎರಡು ಮೂರು ಗುಂಡಿ ತೋಡಿ ಒಂದಕ್ಕೊಂದು ಸೇರಿಸಿ. ಕಿಟಕಿ ಸರಳು, ನಲ್ಲಿ ಪೈಪು ಅರ್ಥ್ ಅಲ್ಲ. ಉಕ್ಕಿನ ನಲ್ಲಿ ಕಂಡರೂ ಗೋಡೆಯೊಳಗೆ ಈಗ ಪಿವಿಸಿ ಪೈಪೇ ಇರುತ್ತದೆ.

ಇಲ್ಲಿ ಒಂದು ತಪ್ಪು ಸಲಹೆ ಪದೇ ಪದೇ ಕೇಳುತ್ತೇನೆ. ‘ಕಂಪ್ಯೂಟರ್‌ಗೆ ಬೇರೆ ಗುಂಡಿ ಮಾಡಿಸಿ, ಕಟ್ಟಡದ ಅರ್ಥಿಗೆ ಸೇರಿಸಬೇಡಿ’ ಎನ್ನುತ್ತಾರೆ. ಕೇಳಲು ಸರಿ ಅನಿಸುತ್ತದೆ ಅಲ್ವಾ? ಆದರೆ ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡು ಗುಂಡಿಗಳ ವೋಲ್ಟೇಜ್ ಬೇರೆ ಬೇರೆ ಎತ್ತರಕ್ಕೆ ಏರುತ್ತದೆ. ಸ್ವಿಚ್‌ನ ಒಂದು ಕಡೆ ಆ ಗುಂಡಿ, ಇನ್ನೊಂದು ಕಡೆ ಈ ಗುಂಡಿ. ನಡುವಿನ ವ್ಯತ್ಯಾಸ ಹಾಯುವುದು ಸ್ವಿಚ್‌ನ ಮೂಲಕವೇ. ಬೇರೆ ಗುಂಡಿ ತೋಡಿಸಿ, ತಪ್ಪಿಲ್ಲ. ಅದನ್ನು ದಪ್ಪ ವೈರ್‌ನಿಂದ ಕಟ್ಟಡದ ಮುಖ್ಯ ಅರ್ಥಿಗೆ ಸೇರಿಸಲೇಬೇಕು.

ರ‍್ಯಾಕಿಗೆ ಬರುವ ಹಸಿರು ವೈರ್ 6 ಚದರ ಮಿಲಿಮೀಟರ್‌ಗಿಂತ ತೆಳ್ಳಗಿದ್ದರೆ ನಾನು ಒಪ್ಪುವುದಿಲ್ಲ. ಲಗ್ (ವೈರ್ ತುದಿಗೆ ಹಾಕುವ ತೂತಿನ ಲೋಹದ ತುಂಡು) ಕೂರುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಬಾಗಿಲಿಗೂ ಒಂದು ತುಂಡು ವೈರ್ ಬೇಕು, ತಿರುಗಣಿಯನ್ನು ನಂಬಬೇಡಿ.

ಸ್ಟ್ಯಾಟಿಕ್: ಯಾವ ಕೆಲಸಕ್ಕೆ ಎಷ್ಟು ಎಚ್ಚರ?

ಬಾಚಣಿಗೆಗೆ ಕಾಗದದ ಚೂರು ಅಂಟುವುದು, ಸ್ವೆಟರ್ ಕಳಚುವಾಗ ಚಟಚಟ ಅನ್ನುವುದು, ಬಾಗಿಲ ಹಿಡಿ ಮುಟ್ಟಿದಾಗ ಚುರ್ ಅನ್ನುವುದು, ಇವೆಲ್ಲ ಸ್ಟ್ಯಾಟಿಕ್. ನಮ್ಮ ಬೆರಳಿಗೆ ಅದು ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಕೆಲವು ಚಿಪ್‌ಗಳು ಹಾಳಾಗಲು 100 ವೋಲ್ಟ್ ಕೂಡ ಬೇಕಾಗುವುದಿಲ್ಲ. ಹಾಗಾಗಿ ‘ನನಗೇನೂ ಶಾಕ್ ಹೊಡೆಯಲಿಲ್ಲ’ ಎಂಬ ಮಾತಿಗೆ ಅರ್ಥವಿಲ್ಲ. ಚಿಪ್ ಪೂರ್ತಿ ಸಾಯದೆ ಪೆಟ್ಟು ತಿಂದು ಉಳಿಯುವುದೂ ಉಂಟು. ಅದು ಅಂದು ಕೆಲಸ ಮಾಡಿ ವಾರಗಳ ನಂತರ ಕೈ ಕೊಡುತ್ತದೆ.

ಗಾಳಿಯ ತೇವ ಇಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ. ಇಎಸ್‌ಡಿ (ಸ್ಟ್ಯಾಟಿಕ್ ಚಾರ್ಜ್ ಹಾರಿ ಇಳಿಯುವುದು) ಕೈಪಿಡಿಗಳಲ್ಲಿ ದಶಕಗಳಿಂದ ಇರುವ ಒಂದು ಪಟ್ಟಿಯ ಪ್ರಕಾರ, ಕಾರ್ಪೆಟ್ ಮೇಲೆ ನಡೆದವರ ಮೈಮೇಲೆ ಶೇ 10-20ರ ಒಣ ಗಾಳಿಯಲ್ಲಿ 35,000 ವೋಲ್ಟ್‌ವರೆಗೆ ಸೇರಬಹುದು. ಶೇ 65-90ರ ತೇವದಲ್ಲಿ ಅದು 1,500. ವಿನೈಲ್ ನೆಲದಲ್ಲಿ 12,000 ಇದ್ದದ್ದು 250ಕ್ಕೆ ಇಳಿಯುತ್ತದೆ. ಮಂಗಳೂರಿನ ಜುಲೈ ಮತ್ತು ವಿಜಯಪುರದ ಫೆಬ್ರವರಿ ಒಂದೇ ಅಲ್ಲ. ಆದರೆ 250 ಕೂಡ ಚಿಪ್‌ಗೆ ಜಾಸ್ತಿಯೇ. ಮಳೆಗಾಲ ಎಂದು ಸ್ಟ್ರ್ಯಾಪ್ ಬಿಚ್ಚಿಡಬೇಡಿ.

ಹಾಗೆಂದು ಎಲ್ಲ ಕೆಲಸಕ್ಕೂ ಒಂದೇ ಮಟ್ಟದ ಎಚ್ಚರ ಬೇಕಿಲ್ಲ. ಮುಚ್ಚಿದ ಸ್ವಿಚ್ ಪೆಟ್ಟಿಗೆಯ ಮಾದರಿಯನ್ನು ಮಾರಾಟಕ್ಕೆ ಮುಂಚೆ ಪರೀಕ್ಷಿಸಿರುತ್ತಾರೆ. ನೇರ ಸ್ಪರ್ಶದಲ್ಲಿ 4,000 ವೋಲ್ಟ್, ಗಾಳಿಯ ಮೂಲಕ 8,000 ವೋಲ್ಟ್ ಕೊಟ್ಟು ನೋಡುವುದು ಇಂಥ ಸಾಧನಗಳ ಸಾಮಾನ್ಯ ಪರೀಕ್ಷೆ. ಅಂಥ ಸ್ವಿಚ್ಚನ್ನು ರ‍್ಯಾಕಿಗೆ ಕೂರಿಸುವಾಗ ಮೊದಲು ಅರ್ಥ್ ಆದ ಲೋಹ ಮುಟ್ಟಿದರೆ ಸಾಕು. ಎಸ್‌ಎಫ್‌ಪಿ (ಫೈಬರ್ ಕೇಬಲ್ ಸೇರಿಸಲು ಸ್ವಿಚ್‌ಗೆ ಹಾಕುವ ಸಣ್ಣ ಮಾಡ್ಯೂಲ್), ರ‍್ಯಾಮ್, ಲೈನ್ ಕಾರ್ಡ್ (ದೊಡ್ಡ ಸ್ವಿಚ್‌ನೊಳಗೆ ಕೂರುವ ಪೋರ್ಟ್‌ಗಳ ಹಲಗೆ), ಪವರ್ ಮಾಡ್ಯೂಲ್ ಕೈಗೆ ಬಂದ ಕ್ಷಣದಿಂದ ಆಟ ಬೇರೆ.

ಆಗ ಯಾವುದನ್ನು ಕೊಳ್ಳಬೇಕು? ವೈರ್ ಇರುವ ರಿಸ್ಟ್ ಸ್ಟ್ರ್ಯಾಪ್. ಅದರೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಅಕಸ್ಮಾತ್ ನೀವು 230 ವೋಲ್ಟ್ ಮುಟ್ಟಿದರೂ ಆ ದಾರಿಯಲ್ಲಿ ಹರಿಯುವುದು 0.23 ಮಿಲಿ ಆಂಪ್ ಮಾತ್ರ. ಸ್ಟ್ಯಾಟಿಕ್ ಮಾತ್ರ ಕಣ್ಣು ಮಿಟುಕಿಸುವ ಮುಂಚೆ ಇಳಿದುಹೋಗುತ್ತದೆ. ಸುಮ್ನೆ ಒಂದು ವೈರ್ ಕೈಗೆ ಸುತ್ತಿಕೊಂಡು ‘ಸ್ಟ್ರ್ಯಾಪ್’ ಮಾಡಿಕೊಳ್ಳುವವರಿದ್ದಾರೆ. ಅದು ಜೀವಕ್ಕೇ ಕುತ್ತು. ಸ್ಟ್ರ್ಯಾಪ್ ಇದ್ದರೂ ಕರೆಂಟ್ ಇರುವ ಭಾಗ ತೆರೆದಿದ್ದರೆ ಅದನ್ನು ಕಟ್ಟಿಕೊಂಡು ಕೈ ಹಾಕಬೇಡಿ.

ವೈರ್ ಇಲ್ಲದ ‘ವೈರ್‌ಲೆಸ್’ ಸ್ಟ್ರ್ಯಾಪ್ ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುತ್ತದೆ. ಕೊಳ್ಳಬೇಡಿ. ಚಾರ್ಜ್ ಹೋಗಲು ದಾರಿ ಬೇಕು, ಅದರಲ್ಲಿ ದಾರಿಯೇ ಇಲ್ಲ.

ಕ್ಲಿಪ್ ಎಲ್ಲಿಗೆ? ನೀವು ಮುಟ್ಟಲಿರುವ ಸಾಧನದ ಬಣ್ಣವಿಲ್ಲದ ಲೋಹಕ್ಕೆ, ಅಥವಾ ಅದರ ಮೇಲೆ ಗುರುತು ಮಾಡಿದ ಇಎಸ್‌ಡಿ ತೂತಿಗೆ. ಮುಖ್ಯವಾದದ್ದು ನೀವು, ಸಾಧನ, ಕೈಯಲ್ಲಿರುವ ಕಾರ್ಡು ಮೂರೂ ಒಂದೇ ವೋಲ್ಟೇಜ್ ಮಟ್ಟದಲ್ಲಿರುವುದು. ಸಾಧನ ಭೂಮಿಗೆ ಸೇರಿದ್ದರೆ ನಿಮ್ಮ ಮೂವರ ಮಟ್ಟವೂ ಭೂಮಿಯ ಮಟ್ಟವಾಗುತ್ತದೆ. ಸ್ಟ್ರ್ಯಾಪ್ ಕಟ್ಟಿಕೊಂಡು ಮಲ್ಟಿಮೀಟರ್‌ನ ಒಂದು ಮೊನೆಯನ್ನು ಬೆರಳಲ್ಲಿ ಹಿಡಿದು, ಇನ್ನೊಂದನ್ನು ಕ್ಲಿಪ್ಪಿಗೆ ಮುಟ್ಟಿಸಿ ನೋಡಿ. 1ರಿಂದ 10 ಮೆಗಾಓಮ್ ನಡುವೆ ಬರಬೇಕು. ಚರ್ಮ ತುಂಬ ಒಣಗಿದ್ದರೆ ಜಾಸ್ತಿ ತೋರಿಸುತ್ತದೆ, ಪಟ್ಟಿ ಬಿಗಿ ಮಾಡಿ.

ಇಎಸ್‌ಡಿ ಮ್ಯಾಟ್ (ಸ್ಟ್ಯಾಟಿಕ್ ಇಳಿಸುವ ಮೇಜಿನ ಹಾಸು) ತಿಂಗಳಿಗೆ ನಾಲ್ಕಾರು ಸಲ ಮೇಜಿನ ಮೇಲೆ ಸಾಧನ ಬಿಚ್ಚುವವರಿಗೆ. ವರ್ಷಕ್ಕೊಮ್ಮೆ ಬಿಚ್ಚುವ ಶಾಲೆಗೆ ಬೇಡ, ಸ್ಟ್ರ್ಯಾಪ್ ಸಾಕು. ಮ್ಯಾಟ್ ಕೊಂಡರೆ ಅದರ ವೈರನ್ನೂ ಅರ್ಥಿಗೆ ಸೇರಿಸಬೇಕು.

ಕವರ್‌ಗಳ ಬಗ್ಗೆ ತುಂಬ ಗೊಂದಲವಿದೆ. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕವರ್ ತಾನು ಚಾರ್ಜ್ ಹುಟ್ಟಿಸುವುದಿಲ್ಲ, ಅಷ್ಟೇ. ಹೊರಗಿನಿಂದ ಬರುವ ಪೆಟ್ಟನ್ನು ಅದು ತಡೆಯುವುದಿಲ್ಲ. ಬೆಳ್ಳಿ ಬಣ್ಣದ್ದು ತಡೆಯುತ್ತದೆ, ಬಾಯಿ ಮುಚ್ಚಿದ್ದರೆ ಮಾತ್ರ. ಕಾರ್ಡನ್ನು ಆ ಕವರಿನ ಮೇಲೆ ಇಟ್ಟು ಕೆಲಸ ಮಾಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ರಕ್ಷಣೆ ಇರುವುದು ಕವರಿನ ಒಳಗೆ, ಮೇಲೆ ಅಲ್ಲ. ಪ್ಯಾಕಿಂಗ್‌ನಲ್ಲಿ ಬಂದ ಥರ್ಮೋಕೋಲ್, ಸಾದಾ ಪ್ಲಾಸ್ಟಿಕ್ ಹಾಳೆಯನ್ನು ಮೊದಲು ಕೋಣೆಯಿಂದ ಹೊರಗೆ ಹಾಕಿ.

ನೆಲದ ವಿಷಯದಲ್ಲಿ ನಮ್ಮ ಹಳೆಯ ಕಟ್ಟಡಗಳು ಪುಣ್ಯ ಮಾಡಿವೆ. ಕಾವಿ ನೆಲ, ಸಿಮೆಂಟ್, ಶಹಾಬಾದ್ ಕಲ್ಲು, ಇವುಗಳ ಮೇಲೆ ನಡೆದರೆ ಕಾರ್ಪೆಟ್, ವಿನೈಲ್‌ನಷ್ಟು ಚಾರ್ಜ್ ಸೇರುವುದಿಲ್ಲ. ಕೆಲಸಕ್ಕೆ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟರೆ ಧೂಳೂ ಹೋಗುತ್ತದೆ. ಸರ್ವರ್ ಕೋಣೆಯ ಹೊರಗೆ ಚಪ್ಪಲಿ ಬಿಡುವ ಪದ್ಧತಿ ನಮ್ಮಲ್ಲಿದೆ. ಧೂಳಿನ ದೃಷ್ಟಿಯಿಂದ ಒಳ್ಳೆಯದೇ. ಆದರೆ ಕರೆಂಟಿನ ಕೆಲಸ ಮಾಡುವವರು ಬರಿಗಾಲಲ್ಲಿ ಇರಬಾರದು. ನೈಲಾನ್ ಸಾಕ್ಸ್ ಹಾಕಿಕೊಂಡು ವಿನೈಲ್ ಮೇಲೆ ಓಡಾಡುವುದಂತೂ ಎರಡು ರೀತಿಯಲ್ಲೂ ಕೆಟ್ಟದ್ದು. ಬೂಟು ಹಾಕಿ, ಸ್ಟ್ರ್ಯಾಪ್ ಕಟ್ಟಿ. ಸ್ಟ್ರ್ಯಾಪ್ ಮೈಯ ಚಾರ್ಜನ್ನು ಇಳಿಸುತ್ತದೆ, ಪಾಲಿಯೆಸ್ಟರ್ ಅಂಗಿಯದ್ದನ್ನಲ್ಲ. ಹತ್ತಿ ಬಟ್ಟೆ ಇರಲಿ, ತೋಳು ಮಡಚಿ.

ಕೇಬಲ್‌ನಲ್ಲೂ ಚಾರ್ಜ್ ಕೂರುತ್ತದೆ. ಪೈಪಿನೊಳಗೆ ಉದ್ದಕ್ಕೆ ಎಳೆದ ಕೇಬಲ್ ಉಜ್ಜಿ ಉಜ್ಜಿ ಚಾರ್ಜ್ ಆಗಿರುತ್ತದೆ, ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳಬಹುದು. ನೇರ ಸ್ವಿಚ್‌ಗೆ ಚುಚ್ಚಿದರೆ ಅದೆಲ್ಲ ಪೋರ್ಟ್‌ಗೆ ಹೋಗುತ್ತದೆ. ನಾನು ಒಂದು ಹಳೆಯ ಜ್ಯಾಕಿನ ಎಂಟೂ ವೈರ್‌ಗಳನ್ನು ಒಟ್ಟಿಗೆ ಹೊಸೆದು ರ‍್ಯಾಕಿನ ಅರ್ಥಿಗೆ ಕಟ್ಟಿಟ್ಟುಕೊಂಡಿದ್ದೇನೆ. ಹೊಸ ಕೇಬಲನ್ನು ಮೊದಲು ಅದಕ್ಕೆ ಚುಚ್ಚಿ ತೆಗೆದು, ಆಮೇಲೆ ಸ್ವಿಚ್‌ಗೆ. ಆಗ ಇನ್ನೊಂದು ತುದಿ ಯಾವುದಕ್ಕೂ ಸೇರಿರಬಾರದು, ನೆನಪಿರಲಿ.

ಎರಡು ಕಟ್ಟಡಗಳ ನಡುವೆ: ತಾಮ್ರವೋ, ಫೈಬರೋ?

ಫೈಬರ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ತಾಮ್ರದ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, ಎದುರು ಕಟ್ಟಡ 40 ಮೀಟರ್ ದೂರವಷ್ಟೇ ಎಂದು ಎಳೆದುಬಿಡುತ್ತಾರೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ ಬರುವವರೆಗೆ ಎಲ್ಲವೂ ಸರಿ. ಎರಡು ಕಟ್ಟಡಗಳ ಅರ್ಥ್ ಬೇರೆ, ನಡುವೆ ತಾಮ್ರದ ವೈರ್. ಸಿಡಿಲು ಕಟ್ಟಡಕ್ಕೇ ಬೀಳಬೇಕಿಲ್ಲ, ಹತ್ತಿರ ಬಿದ್ದರೂ ಸಾಕು. ಫೈಬರ್‌ನಲ್ಲಿ ಹೋಗುವುದು ಬೆಳಕು, ಆದ್ದರಿಂದ ಎರಡೂ ಕಡೆ ಪೂರ್ತಿ ಬೇರೆ. ಉಕ್ಕಿನ ಕವಚದ ಫೈಬರ್ ಕೊಂಡರೆ ಆ ಉಕ್ಕೇ ಕರೆಂಟಿಗೆ ದಾರಿ. ಇಲಿಯ ಕಾಟ ಇಲ್ಲದಿದ್ದರೆ ಲೋಹವಿಲ್ಲದ ಫೈಬರ್ ಕೇಳಿ. ಉಕ್ಕಿನದೇ ಬೇಕಾದರೆ ಕವಚವನ್ನು ಕಟ್ಟಡದ ಬಾಗಿಲಲ್ಲೇ ಕತ್ತರಿಸಿ ಅರ್ಥ್ ಮಾಡಿಸಿ, ರ‍್ಯಾಕ್‌ವರೆಗೆ ತರಬೇಡಿ.

ಕಟ್ಟಡದ ಒಳಗೆ ಸಾದಾ ಯುಟಿಪಿ, ಅಂದರೆ ಶೀಲ್ಡ್ (ಲೋಹದ ಹೊದಿಕೆ) ಇಲ್ಲದ ತಾಮ್ರದ ಕೇಬಲ್ ಸಾಕು. ಶೀಲ್ಡ್ ಇರುವ ಕೇಬಲ್‌ಗೆ ಶೀಲ್ಡ್ ಇರುವ ಪ್ಲಗ್, ಅರ್ಥ್ ಮಾಡಿದ ಪ್ಯಾಚ್ ಪ್ಯಾನೆಲ್ ಎಲ್ಲವೂ ಬೇಕು. ಒಂದು ಕಡೆ ತಪ್ಪಿದರೂ ಕೊಟ್ಟ ದುಡ್ಡು ದಂಡ.

ಯುಪಿಎಸ್ ಬಗ್ಗೆ ಎರಡು ಮಾತು. ಸಣ್ಣ ರ‍್ಯಾಕಿಗೆ ಲೈನ್ ಇಂಟರಾಕ್ಟಿವ್ ಸಾಕು, ವೋಲ್ಟೇಜ್ ಏರಿಳಿತವನ್ನು ಅದೇ ಸರಿಪಡಿಸುತ್ತದೆ. ಸರ್ವರ್ ಇದ್ದು ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರಾದರೆ ಆನ್‌ಲೈನ್ ಯುಪಿಎಸ್ (ಕರೆಂಟ್ ಹೋದರೂ ಕ್ಷಣವೂ ತಡೆಯದೆ ಕೊಡುವ ಬಗೆ). ಯುಪಿಎಸ್ ಬ್ಯಾಟರಿ 25 ಡಿಗ್ರಿಯ ಲೆಕ್ಕದಲ್ಲಿ ಮಾಡಿದ್ದು. ಅದಕ್ಕಿಂತ 10 ಡಿಗ್ರಿ ಹೆಚ್ಚಾದರೆ ಆಯಸ್ಸು ಸುಮಾರು ಅರ್ಧವಾಗುತ್ತದೆ.

ನಾನಾಗಿದ್ದರೆ

ಒಬ್ಬ ಡಾಕ್ಟರ ಕ್ಲಿನಿಕ್‌ಗೆ: 6 ಯು ಗೋಡೆ ರ‍್ಯಾಕ್, ಸಾಕೆಟ್‌ಗಳ ಅರ್ಥ್ ಸರಿಪಡಿಸುವುದು, ಸಣ್ಣ ಯುಪಿಎಸ್. ಬೇರೇನೂ ಬೇಡ. ಎರಡು ಮೂರು ಕಟ್ಟಡಗಳ ಶಾಲೆಗೆ: ಹೊಸ ಅರ್ಥ್ ಗುಂಡಿ, ಕಟ್ಟಡಗಳ ನಡುವೆ ಫೈಬರ್, ಒಂದು ರಿಸ್ಟ್ ಸ್ಟ್ರ್ಯಾಪ್ ರ‍್ಯಾಕಿನ ಬಾಗಿಲಿಗೇ ನೇತುಹಾಕಿದ್ದು. ಆಮೇಲೆ ದುಡ್ಡು ಉಳಿದರೆ ದೊಡ್ಡ ಸ್ವಿಚ್. ಸರ್ವರ್ ಇರುವ ಆಫೀಸಿಗೆ: ಇವೆಲ್ಲದರ ಜತೆ ಬೇರೆ ಕೋಣೆ, ನೆಲದ ರ‍್ಯಾಕ್, ಮ್ಯಾಟ್.

ಕೂರಿಸುವ ದಿನ ಸಾಧನವನ್ನು ಪೆಟ್ಟಿಗೆಯಿಂದ ತೆಗೆದು ರ‍್ಯಾಕಿಗೆ ಬಿಗಿದ ಮೇಲೆ ಮೊದಲು ಸೇರಿಸುವುದು ಅರ್ಥ್ ವೈರ್, ನಂತರ ಪವರ್, ನಂತರ ಕೇಬಲ್. ಬಿಚ್ಚುವಾಗ ಅರ್ಥ್ ವೈರ್ ಎಲ್ಲಕ್ಕಿಂತ ಕೊನೆಗೆ.

ಆ ಶಾಲೆಯವರು ಮುಂದಿನ ರಜೆಯಲ್ಲಿ ಎರಡು ಗುಂಡಿ ತೋಡಿಸಿ ಕಟ್ಟಡದ ಅರ್ಥಿಗೆ ಸೇರಿಸಿದರು. ಪ್ರತಿ ಸಾಕೆಟ್ ಬಿಚ್ಚಿ ವೈರ್ ಹಾಕಿಸಿದರು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವುದು ಈಗ ತೋಟದ ಕೆಲಸದವರ ಪಾಲಿಗೆ ಬಂದಿದೆ. ಲ್ಯಾಬಿನ ಕಾರ್ಪೆಟ್ ತೆಗೆಸಿದರು. ಕೆಳಗೆ ಒಳ್ಳೆಯ ಶಹಾಬಾದ್ ಕಲ್ಲೇ ಇತ್ತು.